ರಾಜಧಾನಿ ಇಲ್ಲದ ಸೀಮೆಗೆ ಒಂದು ದಿನದ ಪ್ರವಾಸ

(ಮಗಳು ಬ್ಯಾಡಗಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಕಾಕಾ ಮೋಜಣಿ ಕೆಲಸದಲ್ಲಿ ಆಯುಷ್ಯ ಕಳೆದು ಈಗ ರಾಣೇಬೆನ್ನೂರಿನಲ್ಲಿ ನೆಲೆಸಿರುವವರು. ಮಾತು ಶಾಲೆಯ ಪ್ರವಾಸದ್ದು.)

ಮಗಳು: ಕಾಕಾ, ಒಂಬತ್ತನೇ ಕ್ಲಾಸಿನ ಹುಡುಗ್ರನ್ನ ಒಂದ ದಿನದ ಟ್ರಿಪ್ಪಿಗೆ ಕರಕೊಂಡು ಹೋಗಬೇಕು. ಬೆಳಿಗ್ಗೆ ಬಿಟ್ಟು ರಾತ್ರಿ ಊಟದ ಹೊತ್ತಿಗೆ ಮನಿ ಮುಟ್ಟಬೇಕು. ಎಲ್ಲಾರೂ ಹಂಪಿ ಅಂತಾರ. ನಾನೂ ಅರ್ಜಿಯಾಗ ಹಂಪಿ ಅಂತನ ಬರದೀನಿ.

ಕಾಕಾ: ಹಂಪಿ ಒಂದ ದಿನಕ್ಕ? ಮುಟ್ಟೂದ್ರಾಗ ಹೊತ್ತು ನೆತ್ತಿಗೆ ಬಂದಿರತೈತಿ. ವಿರೂಪಾಕ್ಷನ ಗೋಪುರದ ಮುಂದ ಒಂದು ಫೋಟೊ, ಕಲ್ಲಿನ ರಥದ ಮುಂದ ಇನ್ನೊಂದು ಫೋಟೊ, ಮತ್ತ ಬಸ್ಸು. ಹಂಪಿಗೆ ಎರಡು ದಿನ ಕೊಡು, ಇಲ್ಲಾಂದ್ರ ಬಿಡು.

ಮಗಳು: ಹಂಗಾದ್ರ ಎಲ್ಲಿಗೆ ಹೋಗ್ಲ್ರಿ? ಪಾಠದಾಗ ಬರೋ ಊರು ನೋಡ್ರಿ: ಬಾದಾಮಿ, ಮಾನ್ಯಖೇಟ, ಕಲ್ಯಾಣ, ಹಳೇಬೀಡು, ಹಂಪಿ. ಅದರಾಗ ಒಂದೂ ಹಾವೇರಿ ಜಿಲ್ಲಾದಾಗ ಇಲ್ಲ.

ಕಾಕಾ: ಹೌದು, ಇಲ್ಲ. ದೊಡ್ಡ ಅರಸರು ಯಾರೂ ಇಲ್ಲಿ ಸಿಂಹಾಸನ ಹಾಕಲಿಲ್ಲ. ಬಾದಾಮಿಯವರಿಗೆ ಇದು ದಕ್ಷಿಣದ ಅಂಚು, ಹಳೇಬೀಡಿನವರಿಗೆ ಉತ್ತರದ ಅಂಚು. ಬಿಜಾಪುರದವರಿಗೂ ಅಂಚು, ಮುಂಬೈ ಸರಕಾರಕ್ಕೂ ಅಂಚು. ನಮ್ಮ ಇತಿಹಾಸ ತಿಳೀಬೇಕಂದ್ರ ಅಲ್ಲಿಂದ ಸುರು ಮಾಡಬೇಕು. ನಮ್ಮದು ರಾಜಧಾನಿ ಸೀಮಿ ಅಲ್ಲ, ಗಡಿ ಸೀಮಿ.

ಮಗಳು: ಹಾನಗಲ್ಲಿನ ಕದಂಬರು? ಗುತ್ತಲದ ಗುತ್ತರು? ಸವಣೂರಿನ ನವಾಬರು? ಅವರು ಇಲ್ಲೇ ಇದ್ರಲ್ಲ.

ಕಾಕಾ: ಇದ್ರು. ಆದ್ರ ಅವರು ಮಾಂಡಲಿಕರು. ಮ್ಯಾಲಿನ ಅರಸ ಬದಲಾದಂಗ ಕಪ್ಪ ಕಾಣಿಕಿ ಕೊಡೋ ದಿಕ್ಕು ಬದಲು ಮಾಡಿದವರು. ಗುತ್ತರನ್ನ ನೋಡು. ಉಜ್ಜಯಿನಿಯ ಚಂದ್ರಗುಪ್ತನ ವಂಶ ನಮ್ಮದು ಅಂತ ಶಾಸನದಾಗ ಬರಿಸಿದ್ರು, ಆಳಿದ್ದು ಗುತ್ತಲದ ಸುತ್ತಿನ ಸಣ್ಣ ಸೀಮಿ. ಗಡಿಯಾಗ ಇದ್ದವರಿಗೆ ದೊಡ್ಡ ವಂಶದ ಹೆಸರು ಬೇಕಾಗತೈತಿ, ಯಾಕಂದ್ರ ಕೆಳಗಿನ ನೆಲ ಗಟ್ಟಿ ಇರೂದಿಲ್ಲ.

ಮಗಳು: ಅದು ಸರಿ. ಆದ್ರ ಹುಡುಗ್ರಿಗೆ ತೋರಿಸಾಕ ಕಣ್ಣಿಗೆ ಕಾಣೂದು ಏನರ ಬೇಕಲ್ರಿ. ‘ಇಲ್ಲಿ ರಾಜಧಾನಿ ಇರಲಿಲ್ಲ’ ಅಂತ ಬಯಲು ತೋರಿಸಾಕ ಬರ್ತೈತೇನು?

ಕಾಕಾ: ಕಾಣೂದು ಬೇಕಾದಷ್ಟು ಐತಿ. ಗುಡಿ ಕಟ್ಟಿಸಿದವರು ಯಾರು ಅಂತ ಕೇಳಿದ್ರ ಗಡಿ ತಾನ ಕಾಣತೈತಿ. ಹೊಳಿ ಆಚೆಗಿನ ಹರಿಹರಕ್ಕ ಹೋಗು. ಹರಿಹರೇಶ್ವರನ ಗುಡಿ ಕಟ್ಟಿಸಿದಾವ ಅರಸ ಅಲ್ಲ, ದಂಡನಾಯಕ. ಹೊಯ್ಸಳರ ಎರಡನೇ ನರಸಿಂಹನ ಕಡೆಯ ಪೋಲಾಳ್ವ, 1224ರಾಗ. 1268ರಾಗ ಮತ್ತ ಅದಕ್ಕ ಗೋಪುರ ಏರಿಸಿದಾವ ಸೋಮ ದಂಡನಾಯಕ. ಬಂಕಾಪುರಕ್ಕ ಹೆಸರು ಬಂದಿದ್ದು ಬಂಕೇಯನಿಂದ. ಅವನೂ ಸೇನಾನಿ, ರಾಷ್ಟ್ರಕೂಟರ ಅಮೋಘವರ್ಷನ ಕಡೆಯಾವ. ರಾಜಧಾನಿಯಾಗ ಅರಸ ಗುಡಿ ಕಟ್ಟಸ್ತಾನ, ಗಡಿಯಾಗ ದಂಡನಾಯಕ.

ಮಗಳು: ದಂಡನಾಯಕ ಗುಡಿ ಯಾಕ ಕಟ್ಟಬೇಕ್ರಿ? ಕ್ವಾಟಿ ಕಟ್ಟಬೇಕಲ್ಲ.

ಕಾಕಾ: ಗಡಿಯಾಗ ಗುಡಿ ಮಾಡೋ ಕೆಲಸ ಕ್ವಾಟಿಗಿಂತ ಕಡಿಮಿ ಅಲ್ಲವ್ವಾ. ಆ ಹೊತ್ತಿಗೆ ಉತ್ತರಕ್ಕ ದೇವಗಿರಿಯ ಸೇವುಣರು, ದಕ್ಷಿಣಕ್ಕ ಹೊಯ್ಸಳರು, ನಡುವ ತುಂಗಭದ್ರಾ. ಗುಡಿ ಕಟ್ಟಿ, ಭೂಮಿ ದತ್ತಿ ಬಿಟ್ಟು, ಶಾಸನ ಕೆತ್ತಿಸಿದ್ರ ‘ಈ ನೆಲದ ಉತ್ಪನ್ನ ಯಾರಿಗೆ ಸಲ್ಲಬೇಕು ಅಂತ ಹೇಳಾವ ನಾನು’ ಅಂತ ಬರದಂಗಾತು. ನಮ್ಮ ಇಲಾಖೆಯಾಗ ಗಡಿ ಕಲ್ಲು ನೆಟ್ಟು ಹದ್ದುಬಸ್ತು ಮಾಡ್ತಿದ್ವಿ. ಅವರು ಶಾಸನದ ಕಲ್ಲು ನೆಟ್ಟು ಮಾಡಿದ್ರು.

ಮಗಳು: ಅದೂ ಅಲ್ದ ಒಳಗಿನ ದೇವರು ಅರ್ಧ ಹರಿ, ಅರ್ಧ ಹರ.

ಕಾಕಾ: ಗುಹಾಸುರಗ ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಅಂತ ವರ ಇತ್ತಂತ. ಇಬ್ಬರೂ ಒಂದ ಮೈಯಾಗಿ ಬಂದ್ರು. ಮೂರ್ತಿಯ ಬಲಗಡೆ ಹರ, ಎಡಗಡೆ ಹರಿ. ಎರಡು ರಾಜ್ಯ ಜಗ್ಗಾಡೋ ಹೊಳಿ ದಂಡಿಮ್ಯಾಲೆ ಇಂಥಾ ದೇವರು ನಿಂತಿದ್ದು ನೋಡಿ ಹುಡುಗ್ರು ಏನಂತಾರ, ಕೇಳು. ನೀ ಮೊದಲ ಹೇಳಾಕ ಹೋಗಬ್ಯಾಡ.

ಮಗಳು: ಇದೆಲ್ಲಾ ಎಂಟುನೂರು ವರ್ಷದ ಹಿಂದಿನ ಮಾತಾತು. ಗಡಿ ಅಂದ್ರ ಈಗಿನ ಹುಡುಗ್ರಿಗೆ ಬೆಳಗಾವಿ ಗೊತ್ತು, ಕಾಸರಗೋಡು ಗೊತ್ತು. ರಾಣೇಬೆನ್ನೂರು ಗಡಿ ಅಂದ್ರ ನಗ್ತಾರ.

ಕಾಕಾ: ನಗಲಿ. ಆಮ್ಯಾಲೆ ಅವರ ಅಜ್ಜನ್ನ ಕೇಳು ಅನ್ನು. 1947ಕ್ಕಿಂತ ಮೊದಲ ರಾಣೇಬೆನ್ನೂರು, ಬ್ಯಾಡಗಿ, ಹಾವೇರಿ ಎಲ್ಲಾ ಮುಂಬೈ ಪ್ರಾಂತದ ಧಾರವಾಡ ಜಿಲ್ಲಾದಾಗ. ಹೊಳಿ ದಾಟಿ ಹರಿಹರಕ್ಕ ಕಾಲಿಟ್ರ ಮೈಸೂರು ಮಹಾರಾಜರ ಸಂಸ್ಥಾನ. ಅದ ಹೊಳಿಗುಂಟ ಕೆಳಗ ಹೋಗಿ ಹರಪನಹಳ್ಳಿ, ಹಡಗಲಿ ಕಡೆ ದಾಟಿದ್ರ ಮದ್ರಾಸು ಪ್ರಾಂತ. ನಡುವ ಸವಣೂರಿನ ನವಾಬರದ್ದು ಬ್ಯಾರೆ ಸಂಸ್ಥಾನ. ನಾಕು ಆಡಳಿತ, ಎಲ್ಲಾ ಕಡೆ ಆಡೋ ಮಾತು ಕನ್ನಡ.

ಮಗಳು: ಹಡಗಲಿ ಇದ್ದ ಬಳ್ಳಾರಿ ಜಿಲ್ಲಾ 1953ರ ಅಕ್ಟೋಬರ್ 1ಕ್ಕ ಮೈಸೂರಿಗೆ ಸೇರಿತು. ನಾವು 1956ರ ನವೆಂಬರ್ 1ಕ್ಕ. ಅಂದ್ರ ಮೂರು ವರ್ಷ ಹಡಗಲಿಯವರು ಮೈಸೂರಿನವರು, ಎದುರು ದಂಡಿಯವರು ಮುಂಬೈಯವರು. ಇದನ್ನ ನಾ ಪಾಠ ಮಾಡೀನಿ, ಆದ್ರ ಹಿಂಗ ಎದುರುಬದುರು ಇಟ್ಟು ನೋಡಿರಲಿಲ್ಲ.

ಕಾಕಾ: ಹರಿಹರದ ಹಳೇ ಸೇತುವಿ ಮುಂದ ನಿಲ್ಲಿಸಿ ಹೇಳು, ಬೋರ್ಡಿನ ಮ್ಯಾಲೆ ಹೇಳಿದ್ದಕ್ಕಿಂತ ಬೇಗ ತಿಳೀತೈತಿ. 1868ರಾಗ ಕಟ್ಟಿದ್ದು, ಕಮಾನು ಕಮಾನಿಂದು. ಒಂದು ತುದಿ ಮುಂಬೈ, ಇನ್ನೊಂದು ತುದಿ ಮೈಸೂರು. ಈಗಲೂ ಹೊಳಿ ಗಡಿನ. ಈ ಕಡೆ ಹಾವೇರಿ, ಆ ಕಡೆ ದಾವಣಗೆರೆ. ಎರಡೂ 1997ರಾಗ ಹುಟ್ಟಿದ ಜಿಲ್ಲಾ. ಕೆಳಗ ಹೋದ್ರ ವಿಜಯನಗರ, 2021ರಾಗ ಹುಟ್ಟಿದ್ದು. ಆಳೋರು ಬದಲಾದ್ರು, ಗಡಿ ಗೆರಿ ಬದಲಾಗಲಿಲ್ಲ.

ಮಗಳು: ನಿಮ್ಮಂಥವರಿಗೆ ಹೊಳಿ ಸಿಕ್ಕರ ಹಗುರ ಅಲ್ರಿ? ಕಲ್ಲು ನೆಡೋ ಕೆಲಸಿಲ್ಲ.

ಕಾಕಾ: ತಪ್ಪು ತಿಳಕೊಂಡಿ. ಮೋಜಣಿ ಮಾಡೋರಿಗೆ ಹೊಳಿ ಅಂದ್ರ ತಲಿಬ್ಯಾನಿ. ನೀರಾಗ ಕಲ್ಲು ನಿಲ್ಲೂದಿಲ್ಲ. ಒಂದ ಮಹಾಪೂರ ಬಂದ್ರ ದಂಡಿ ಸರೀತೈತಿ, ಒಬ್ಬನ ಹೊಲ ಕರಗತೈತಿ, ಇನ್ನೊಬ್ಬನ ಮುಂದ ಮಳಲು ಬೀಳತೈತಿ. ನಕಾಶದಾಗ ಗೆರಿ ಸಪೂರ ಇರತೈತಿ, ನೆಲದ ಮ್ಯಾಲೆ ಅದು ಒಂದು ಬದುಕು. ಮೀನು ಹಿಡಿಯೋರು, ದೋಣಿ ನಡೆಸೋರು, ಮಳಲಾಗ ಕಲ್ಲಂಗಡಿ ಬೆಳೆಯೋರು ಎಲ್ಲಾ ಆ ಗೆರಿಯೊಳಗ ಬಾಳೇ ಮಾಡ್ತಾರ.

ಮಗಳು: ದೋಣಿ ಅಂದ್ರಿ. ಚೌಡಯ್ಯದಾನಪುರ ನೆನಪಾತು.

ಕಾಕಾ: ಹರಿಹರ ಮುಗಿಸಿ ರಾಣೇಬೆನ್ನೂರಿಗೆ ಬಂದು ಅಲ್ಲಿಗೆ ಹೋಗಬೇಕು. ಮುಕ್ತೇಶ್ವರನ ಗುಡಿ ತುಂಗಭದ್ರೆಯ ದಂಡಿಗೇ ಐತಿ. ಒಂದ ಗರ್ಭಗುಡಿ, ಗಾತ್ರದಾಗ ಸಣ್ಣದು. ಆದ್ರ ಶಿಖರದ ಬುಡದಿಂದ ತುದಿತನಕ ಕೆತ್ತಿದಾವನ ಕೈ ಎಲ್ಲೂ ದಣಿದಿಲ್ಲ. ಅಂಗಳದಾಗ ಆಳೆತ್ತರದ ಶಾಸನದ ಕಲ್ಲು. ಗುತ್ತರ ಚರಿತ್ರಿ, ಶಿವದೇವ ಅನ್ನೋ ಶೈವ ಗುರುವಿನ ಚರಿತ್ರಿ ಅದರಾಗ ಐತಿ. ಹನ್ನೆರಡನೇ ಶತಮಾನದ ಅಂಬಿಗರ ಚೌಡಯ್ಯ ತನಗ ಬಂದ ಊರನ್ನ ಈ ಗುರುವಿಗೆ ದಾನ ಕೊಟ್ಟ ಅಂತ ಊರವರು ಹೇಳ್ತಾರ.

ಮಗಳು: ಕಾಲ ಕೂಡೂದಿಲ್ಲಲ್ರಿ. ಶಿವದೇವ ಬಂದಿದ್ದು ಹದಿಮೂರನೇ ಶತಮಾನ.

ಕಾಕಾ: ಕೂಡೂದಿಲ್ಲ. ಶಾಸನ ಒಂದು ಹೇಳತೈತಿ, ಊರು ಇನ್ನೊಂದು ಹೇಳತೈತಿ. ಎರಡನ್ನೂ ಹುಡುಗ್ರ ಮುಂದ ಇಡು. ಆ ಶಾಸನ ಓದಿ ಗುಡಿಯ ಮ್ಯಾಲೆ ಪುಸ್ತಕ ಬರದವರು ವಸುಂಧರಾ ಫಿಲಿಯೋಜಾ, ನಮ್ಮ ಹಾವೇರಿಯ ಮಗಳು. ಪ್ಯಾರಿಸ್‌ಗೆ ಹೋಗಿ ಶಾಸನ ಶಾಸ್ತ್ರದಾಗ ದೊಡ್ಡ ಹೆಸರು ಮಾಡಿದವರು. ಗಂಡ ಪಿಯೆರ್ ಸಿಲ್ವಾಂ ಫಿಲಿಯೋಜಾ ಸಂಸ್ಕೃತದ ವಿದ್ವಾಂಸರು. ನಿನ್ನ ಕ್ಲಾಸಿನ ಹೆಣ್ಣುಮಕ್ಕಳಿಗೆ ಇದನ್ನ ಮರೀದ ಹೇಳು.

ಮಗಳು: ಹೇಳ್ತೀನಿ. ಆದ್ರ ಕಾಕಾ, ಚೌಡಯ್ಯ ಅಂದ್ರ ನನಗ ಗುಡಿಗಿಂತ ದೋಣಿನ ಹೆಚ್ಚು ಅನಸ್ತೈತಿ. ಹೊಳಿ ದಾಟಿಸಿ ಹೊಟ್ಟಿ ಹೊರೀತಿದ್ದಾವ ಬಸವಣ್ಣನ ಕಾಲದ ಶರಣ ಆದ, ಖಾರದ ಮಾತಿನ ವಚನಕಾರ ಆದ. ಅರಮನಿ ಇದ್ದ ಊರಾಗ ಅಂಬಿಗನ ಹೆಸರು ಊರಿಗೆ ಬೀಳೂದು ಕಷ್ಟ.

ಕಾಕಾ: ನೋಡು, ನೀನ ಹೇಳಿದಿ! ರಾಜಧಾನಿ ಇಲ್ಲದ ಕಡೆ ದೊಡ್ಡವರಾಗೂದು ಇಂಥವರು. ಬಾಡದ ನಾಯಕ ಕಾಗಿನೆಲೆಯ ಆದಿಕೇಶವನ ದಾಸ ಆಗಿ ಕನಕದಾಸ ಆದ. ಕಾಗಿನೆಲೆ ನಿಮ್ಮ ಬ್ಯಾಡಗಿ ತಾಲೂಕ. ಶಿಶುನಾಳದ ಷರೀಫರು ಮುಸಲ್ಮಾನರ ಮನ್ಯಾಗ ಹುಟ್ಟಿ, ಗೋವಿಂದ ಭಟ್ಟರಿಗೆ ಶಿಷ್ಯ ಆದ್ರು. ಅರಸರ ಪಟ್ಟಿ ಬಿಟ್ಟು ಇವರ ಪಟ್ಟಿ ಮಾಡಿದ್ರ ನಮ್ಮ ಜಿಲ್ಲಾ ಯಾರಿಗೂ ಕಡಿಮಿ ಇಲ್ಲ.

ಮಗಳು: ನೀವು ಎಲ್ಲಾನೂ ಗಡಿಗೇ ಜೋಡಸ್ತೀರಿ. ಸಂತರು ಹಂಪಿಯಾಗೂ ಆಗ್ಯಾರ, ಕಲ್ಯಾಣದಾಗೂ ಆಗ್ಯಾರ. ಅದು ಬಿಡ್ರಿ. ಗಡಿ ಅಂದ್ರ ಬರೀ ಕೂಡೂದು, ದಾಟೂದು ಅಂತ ನೀವು ಹೇಳಾಕತ್ತೀರಿ. ನನಗ ಹಂಗ ಕಾಣೂದಿಲ್ಲ.

ಕಾಕಾ: ಹೆಂಗ ಕಾಣತೈತಿ?

ಮಗಳು: ಹೊಣಿ ಜಾರಿಸೂದೂ ಗಡಿನ. ಹೊಳಿಯಾಗಿನ ಮಳಲು ಯಾರು ತುಂಬಿದ್ರು ಅಂದ್ರ ಈ ದಂಡಿಯವರು ಆ ದಂಡಿ ತೋರಸ್ತಾರ, ಆ ದಂಡಿಯವರು ಈ ದಂಡಿ. ಕುಮಾರಪಟ್ಟಣದ ಕಡೆ ಕಾರ್ಖಾನಿ ನೀರು ಹೊಳಿಗೆ ಬಿದ್ದು ಮೀನು ಸತ್ತು, 1980ರ ದಶಕದಾಗ ದೊಡ್ಡ ಚಳವಳಿನ ಆತು. ನೀರು ಕುಡಿಯೋರು ಎರಡೂ ದಂಡಿಯವರು, ಕೆಳಗಿನ ಊರವರು. ಹೊಳಿ ಒಂದ, ಕಚೇರಿ ಬ್ಯಾರೆ ಬ್ಯಾರೆ. ಹುಡುಗ್ರಿಗೆ ಪೋಲಾಳ್ವನ ಹೆಸರು ಹೇಳಿ ಈ ಮಾತು ಬಿಟ್ರ ಪಾಠ ಅರ್ಧ ಆತು.

ಕಾಕಾ: ಹೌದು. ಇದನ್ನ ನಾ ಒಪ್ಪಬೇಕು. ಗಡಿ ಕಲ್ಲು ನೆಟ್ಟಾವ ನಾನು. ಕಲ್ಲಿನ ಎರಡೂ ಕಡೆ ‘ನಮ್ಮದಲ್ಲ’ ಅನ್ನೋ ಮಾತು ಎಷ್ಟು ಕೇಳೀನಿ ಅಂತೀ.

ಮಗಳು: ಹಂಗಂತ ದಾಟೋರು ಇಲ್ಲ ಅನ್ನಾಕ ಬರೂದಿಲ್ಲ. ಮೈಲಾರಲಿಂಗನ ಜಾತ್ರಿ ತಗೋರಿ. ಆಚೆ ಮೈಲಾರ ಹಡಗಲಿ ತಾಲೂಕ, ಮೊದಲ ಮದ್ರಾಸಿನವರದ್ದು. ಈಚೆ ದೇವರಗುಡ್ಡ ರಾಣೇಬೆನ್ನೂರು ತಾಲೂಕ, ಮುಂಬೈಯವರದ್ದು. ದೇವರು ಒಬ್ಬನ.

ಕಾಕಾ: ಕಾರ್ಣಿಕ ಎರಡು. ದೇವರಗುಡ್ಡದಾಗ ಮಹಾನವಮಿ ಹೊತ್ತಿಗೆ, ಮೈಲಾರದಾಗ ಭರತ ಹುಣ್ಣಿಮಿ ಜಾತ್ರಿಗೆ. ಗೊರವಯ್ಯ ಬಿಲ್ಲು ಏರಿ ಒಂದ ಮಾತು ನುಡೀತಾನ. ಅದು ಮಳಿಗೆ ಸಂಬಂಧಿಸಿದ್ದೋ, ರಾಜಕೀಯಕ್ಕೋ ಅಂತ ಜನ ವರ್ಷಾನುಗಟ್ಟಲೆ ಅರ್ಥ ಹಚ್ಚತಾರ. ನಮ್ಮ ಕಡೆಯವರು ಮೈಲಾರಕ್ಕೂ ಹೋಗ್ತಿದ್ರು. ಆ ಹೊತ್ತಿಗೆ ಹೊಳಿ ಬತ್ತಿರತೈತಿ, ಚಕ್ಕಡಿ ಹೊಡಕೊಂಡು ಮಳಲಾಗ ಇಳಿದು ದಾಟ್ತಿದ್ರು. ಮುಂಬೈಯಿಂದ ಮದ್ರಾಸಿಗೆ ಹೊಂಟೀವಿ ಅಂತ ಯಾವ ಎತ್ತಿಗೂ ಗೊತ್ತಿರಲಿಲ್ಲ.

ಮಗಳು: ಬ್ಯಾಪಾರದವರೂ ಹಂಗ. ನಮ್ಮ ಬ್ಯಾಡಗಿ ಮಾರ್ಕೆಟ್ಟಿಗೆ ಬರೋ ಮೆಣಸಿನಕಾಯಿಯೊಳಗ ಹೆಚ್ಚಿನ ಪಾಲು ಬಳ್ಳಾರಿ, ರಾಯಚೂರು, ಆಂಧ್ರದ್ದು. ಸೀಜನ್ನಿನಾಗ ಸೋಮವಾರ, ಗುರುವಾರ ಲಾರಿ ಸಾಲು ನೋಡಬೇಕು, ಊರೆಲ್ಲಾ ಸೀನು. 2011ರಾಗ ಭೌಗೋಳಿಕ ಸೂಚ್ಯಂಕ ಸಿಕ್ಕಿದ್ದು ಬ್ಯಾಡಗಿ ಹೆಸರಿಗೆ. ಬೆಳೆಯೋ ಹೊಲ ದೂರ, ಹೆಸರು ನಮ್ಮದು.

ಕಾಕಾ: ಹಾವೇರಿ ಏಲಕ್ಕಿನೂ ಹಂಗ ಅಲ್ಲನು? ಹಾವೇರಿ ನೆಲದಾಗ ಏಲಕ್ಕಿ ಬೆಳೀಲಿಲ್ಲ. ಮಲೆನಾಡಿನಿಂದ ಬಂತು, ಇಲ್ಲಿ ಹಸನಾತು, ಮುಂದ ಹೋತು. ಉಳಿದಿದ್ದು ಏಲಕ್ಕಿ ಹಾರ, ಈಗಲೂ ದೊಡ್ಡವರು ಬಂದ್ರ ಕೊರಳಿಗೆ ಬೀಳೂದು ಅದ. ಮಲೆನಾಡಿಗೂ ಬಯಲುಸೀಮಿಗೂ ನಡುವಿನ ಪಡಸಾಲಿ ಇದು. ಪಡಸಾಲ್ಯಾಗ ಯಾರೂ ಒಲಿ ಹೂಡೂದಿಲ್ಲ, ಆದ್ರ ಬಂದವರೆಲ್ಲಾ ಅಲ್ಲೇ ಕುಂಡ್ರತಾರ.

ಮಗಳು: ಸರಿ, ಈಗ ದಾರಿ ಹೇಳ್ರಿ. ಚೌಡಯ್ಯದಾನಪುರ ಆದಮ್ಯಾಲೆ?

ಕಾಕಾ: ಗುತ್ತಲದ ಮ್ಯಾಲಿಂದ ಗಳಗನಾಥಕ್ಕ. ಇಕ್ಕೇರಿ ಹತ್ತಿರ ವರದಾಮೂಲದಾಗ ಹುಟ್ಟಿದ ವರದಾ ಅಲ್ಲಿಗೆ ಬಂದು ತುಂಗಭದ್ರೆಗೆ ಕೂಡತೈತಿ. ಸಂಗಮದ ಮ್ಯಾಲೆ ಗಳಗೇಶ್ವರ, ಹನ್ನೊಂದನೇ ಶತಮಾನದ ಚಾಲುಕ್ಯರ ಗುಡಿ. ಅದರ ಬುಡ ನೋಡಬೇಕು. ಗ್ವಾಡಿ ಸುತ್ತಲೂ ಇಳಿಜಾರಾಗಿ ಕಲ್ಲು ಒತ್ತಿ ಕಟ್ಟ್ಯಾರ. ಯಾಕ ಹಿಂಗ ಕಟ್ಟಿದ್ರು ಅಂತ ಹುಡುಗ್ರನ್ನ ಕೇಳು. ಎರಡು ಹೊಳಿ ನೋಡಿದ ಹುಡುಗ ತಾನ ಉತ್ತರ ಹುಡುಕ್ತಾನ.

ಮಗಳು: ಕಾದಂಬರಿ ಪಿತಾಮಹ ಅಂತ ಕರೆಸಿಕೊಂಡ ಗಳಗನಾಥರು ಈ ಊರಿನ ಹೆಸರ ಇಟ್ಕೊಂಡವರು. ವೆಂಕಟೇಶ ತಿರಕೋ ಕುಲಕರ್ಣಿ, 1869ರಾಗ ಹಾವನೂರಿನಾಗ ಹುಟ್ಟಿ, 1942ರಾಗ ತೀರಿಕೊಂಡ್ರು. ಸಾಲಿ ಮಾಸ್ತರರು. ಅಗಡಿ ಆನಂದವನದ ಸದ್ಬೋಧ ಚಂದ್ರಿಕೆ ನಡೆಸಿದವರು. ಪುಸ್ತಕದ ಗಂಟು ಹೊತ್ತು ಮನಿ ಮನಿಗೆ ಹೋಗಿ ಮಾರಿದ್ರು.

ಕಾಕಾ: ಅವರೂ ಗಡಿಯವರು ನೋಡು. ಆಗ ಈ ಭಾಗದ ಕಚೇರಿ, ಸಾಲಿ ಎಲ್ಲಾ ಕಡೆ ಮರಾಠಿ ದರ್ಬಾರು. ಮರಾಠಿ ಕಾದಂಬರಿ ಓದಿ ರುಚಿ ಹತ್ತಿದ ಜನಕ್ಕ ಆ ಕಾದಂಬರಿಗಳನ್ನ ಕನ್ನಡಕ್ಕ ತಂದು ಕೊಟ್ರು. ಹರಿ ನಾರಾಯಣ ಆಪಟೆಯವರದ್ದು ಎಷ್ಟೋ ತಂದ್ರು. ತಾವೂ ವಿಜಯನಗರದ ಮ್ಯಾಲೆ ಮಾಧವ ಕರುಣಾವಿಲಾಸ ಬರದ್ರು. ಗಡಿಯಾಗ ಇದ್ದಾವಗ ಎರಡು ದಂಡಿಯ ನೀರಿನ ರುಚಿ ಗೊತ್ತಿರತೈತಿ.

ಮಗಳು: ಗಳಗನಾಥದಿಂದ ವರದಾ ಹಿಡಿದು ಮ್ಯಾಲೆ ಹೋದ್ರ ಹೊಸರಿತ್ತಿ. ಅಲ್ಲಿ 1943ರ ಏಪ್ರಿಲ್ 1ಕ್ಕ ಕಂದಾಯದ ಹಣ ವಶ ಮಾಡ್ಕೊಳ್ಳಾಕ ಹೋದ ಮೈಲಾರ ಮಹದೇವಪ್ಪ ಗುಂಡಿಗೆ ಬಿದ್ರು. ಜೋಡಿಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಮಹದೇವಪ್ಪ ನಮ್ಮ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನವರು. 1930ರಾಗ ಗಾಂಧೀಜಿ ಜೋಡಿ ದಂಡಿಗೆ ನಡೆದ ಕನ್ನಡಿಗ. ಹುಡುಗ್ರು ದಿನಾ ಮೋಟೆಬೆನ್ನೂರು ದಾಟಿ ಬಸ್ಸಿನಾಗ ಬರ್ತಾರ, ಹೆಸರು ಮಾತ್ರ ಪರೀಕ್ಷೆಗೆ ಗೊತ್ತು.

ಕಾಕಾ: ಹೊಸರಿತ್ತಿನೂ ಸೇರಿಸು ಮತ್ತ. ಅಲ್ಲಿಂದ ಸಂಜಿಗೆ ಹಾವೇರಿ ಸಿದ್ಧೇಶ್ವರನ ಗುಡಿ. ಹೆಚ್ಚಿನ ಗುಡಿಗೆ ಬೆಳಿಗ್ಗೆ ಹೋಗಬೇಕು, ಇದಕ್ಕ ಸಂಜಿಗೆ. ಯಾಕಂದ್ರ ಅದರ ಮುಖ ಪಶ್ಚಿಮಕ್ಕ. ಮುಳುಗೋ ಬಿಸಿಲು ಬಳಪದ ಕಲ್ಲಿನ ಕೆತ್ತನಿ ಮ್ಯಾಲೆ ನೇರ ಬೀಳತೈತಿ.

ಮಗಳು: ಊಟ?

ಕಾಕಾ: ಮನಿಯಿಂದ ಕಟಕ್ ರೊಟ್ಟಿ, ಸೇಂಗಾ ಚಟ್ನಿ, ಮೊಸರು ಕಟ್ಟಿಸು. ಬಾಯಾಡಸಾಕ ಸವಣೂರು ಖಾರ. ಚೌಡಯ್ಯದಾನಪುರದಾಗ ಗಿಡದ ನೆರಳಿಗೆ ಕುಂತು ಉಣ್ಣಲಿ. ಒಂದ ಮಾತು ನೆನಪಿಡು, ಯಾವ ಹುಡುಗನೂ ನೀರಿಗೆ ಇಳೀಬಾರದು. ಮಳಲು ತೆಗೆದ ಕಡೆ ಗುಂಡಿ ಇರತಾವ, ಮ್ಯಾಲಿಂದ ಕಾಣೂದಿಲ್ಲ. ಮಳಿಗಾಲ ಮುಗಿದು ನವೆಂಬರ್ ಆದಮ್ಯಾಲೆನ ಹೋಗು. ಶೌಚಾಲಯದ್ದು ರಾಣೇಬೆನ್ನೂರಾಗ ಮುಗಿಸಿಕೊಂಡ ಮುಂದ ಹೋಗ್ರಿ. ಹೊಳಿದಂಡಿ ಊರಾಗ ಅದನ್ನ ನಂಬಾಕ ಬರೂದಿಲ್ಲ.

ಮಗಳು: ಇದು ನೀವು ಹೇಳಿದ ಮಾತಿನಾಗ ಎಲ್ಲಕ್ಕಿಂತ ಉಪಯೋಗದ್ದು.

ಕಾಕಾ: ಮತ್ತ, ಹೊತ್ತು ಉಳದ್ರ ಬಂಕಾಪುರ. ಬಂಕೇಯನ ಮಗ ಲೋಕಾದಿತ್ಯ ಆಳೋ ಕಾಲಕ್ಕ, ಒಂಬತ್ತನೇ ಶತಮಾನದ ಕೊನಿಗೆ, ಗುಣಭದ್ರರ ಉತ್ತರಪುರಾಣದ ಪೂಜಿ ಆಗಿದ್ದು ಅಲ್ಲಿ. ಗಂಗರ ಮಾರಸಿಂಹ ಅಜಿತಸೇನಾಚಾರ್ಯರ ಕಡೆ ಬಂದು ಸಲ್ಲೇಖನ ತಗೊಂಡಿದ್ದು ಅಲ್ಲಿ. ಅರವತ್ತು ಕಂಬದ ನಗರೇಶ್ವರ, ಕ್ವಾಟಿಯೊಳಗ ನವಿಲು. ಹಂಗ ಹಾನಗಲ್ಲಿನ ತಾರಕೇಶ್ವರನ ಗುಡಿ ಛತ್ತಿನ ಕಮಲದ ಭುವನೇಶ್ವರಿ ನೋಡ್ದ ಬಂದ್ರ ಪಾಪ ಹತ್ತತೈತಿ. ಸವಣೂರಿನ ದೊಡ್ಡಹುಣಸಿ ಗಿಡ, ಅವು ಆಫ್ರಿಕಾದ ಜಾತಿಯವು. ಕೃಷ್ಣಮೃಗ ನೋಡಾಕ 1974ರಾಗ ಆದ ರಾಣೇಬೆನ್ನೂರಿನ ಅಭಯಾರಣ್ಯ…

ಮಗಳು: ಕಾಕಾ, ಹಂಪಿಗೆ ಬ್ಯಾಡ ಅಂದವರು ನೀವ. ಫೋಟೊ ತಗೊಂಡು ಬಸ್ಸು ಹತ್ತೂದು ಪ್ರವಾಸ ಅಲ್ಲ ಅಂದವರೂ ನೀವ. ಈಗ ಒಂದ ದಿನದಾಗ ಎಂಟು ಊರು ತುಂಬಾಕತ್ತೀರಿ.

ಕಾಕಾ: ಇಷ್ಟೆಲ್ಲಾ ಇಟ್ಕೊಂಡು ಬಿಡೂದು ಹೆಂಗ?

ಮಗಳು: ಬಿಡೂದು ಹಿಂಗ. ಒಂದ ದಿನ ಅಂದ್ರ ಒಂದ ಹೊಳಿ. ಈ ವರ್ಷ ತುಂಗಭದ್ರಾ: ಹರಿಹರ, ಚೌಡಯ್ಯದಾನಪುರ, ಗಳಗನಾಥ, ಮೂರ. ಸಂಜಿಗೆ ದಾರಿಯಾಗ ಹಾವೇರಿ ಗುಡಿ. ಬರೋ ವರ್ಷ ವರದಾ, ಅದರಾಗ ಹೊಸರಿತ್ತಿ ಬರಲಿ. ಬಂಕಾಪುರ, ಹಾನಗಲ್ಲು, ಸವಣೂರು ಈ ಎರಡೂ ಹೊಳಿಯ ದಂಡಿ ಊರಲ್ಲ, ಅವಕ್ಕ ಬ್ಯಾರೆ ದಿನ. ಮೂರು ಕಡೆಯೂ ಹುಡುಗ್ರು ಮೂರ ಪ್ರಶ್ನೆಗೆ ಉತ್ತರ ಬರೀಬೇಕು. ಇದನ್ನ ಕಟ್ಟಿಸಿದವರು ಯಾರು? ಇಲ್ಲಿ ಹೊಳಿ ದಾಟತಿದ್ದವರು ಯಾರು? ಈಗ ಈ ಹೊಳಿ ಕಾಯೋ ಹೊಣಿ ಯಾರದು?

ಕಾಕಾ: ಮೂರನೇ ಪ್ರಶ್ನೆಗೆ ಉತ್ತರ ಸಿಗೂದು ಕಷ್ಟ ಐತಿ, ತಂಗಿ.

ಮಗಳು: ಅದಕ್ಕ ಹರಿಹರದ ಹುಡುಗ್ರನ್ನೂ ಕೇಳಬೇಕು. ಆ ದಂಡಿಯ ಸಾಲಿಯೊಂದಕ್ಕ ಪತ್ರ ಬರೀತೀನಿ, ಅವರೂ ಅವತ್ತ ಸೇತುವಿಗೆ ಬರಲಿ. ಅವರ ಉತ್ತರ, ನಮ್ಮ ಉತ್ತರ ಎರಡೂ ಒಂದ ಹಾಳಿ ಮ್ಯಾಲೆ ಬರಸ್ತೀನಿ. ನೀವು ಜೋಡಿಗೆ ಬರ್ರಿ, ಗಡಿ ಎಲ್ಲಿ ಬರ್ತೈತಿ ಅಂತ ನಿಂತು ತೋರಸಾಕ. ಅರ್ಜಿಯಾಗ ಹಂಪಿ ಹೊಡೆದು ಹಾಕಿ ಏನಂತ ಬರೀಲಿ, ಹೇಳ್ರಿ.

ಕಾಕಾ: ‘ಹೊಳಿ ಗಡಿ ವೀಕ್ಷಣೆ’ ಅಂತ ಬರಿ. ಸರಕಾರಿ ಭಾಷಾ ಐತಿ, ಬೇಗ ಮಂಜೂರಾಗತೈತಿ.